ಬೂಲ್ಕಾರದ ಒದ್ದೆ ಕುರಿಗಳು

ಅಮೋಸ್ ಟ್ರೆಲೋರ್ ಇಲ್ಲಿ ನೀರು ಕಂಡುಹಿಡಿದ ಅಂತ ಬೂಲ್ಕಾರ ಅನ್ನೋ ಕುರಿ ಫಾರ್ಮಿನ ಗೇಟಿನ ಹತ್ರ ಒಂದು ಹಿತ್ತಾಳೆ ಫಲಕ ಇದೆ. ಶುದ್ಧ ಸುಳ್ಳು. ನೀರು ಅಲ್ಲೇ ಇತ್ತು ಕಣ್ರೀ, ಕಳೆದುಹೋಗಿದ್ದೋನು ಅಮೋಸು. ನಾಲಿಗೆ ಊದಿಸ್ಕೊಂಡು ಕುದುರೆ ಮೇಲಿಂದ ಬಿದ್ದಿದ್ದೋನಿಗೆ ಈ ನೆಲದ ಮೂಲನಿವಾಸಿಗಳಾದ ನಮ್ಮ ಬಾರ್ಕಿಂಜಿ ಹೆಂಗಸರು ಬಂಡೆ ಸಂದಿನ ನೀರು ತೋರಿಸಿದ್ರು. ಕುಡಿದು ಎದ್ದೋನು ಮಾಡಿದ ಮೊದಲ ಕೆಲಸ ಅದರ ಸುತ್ತ ಬೇಲಿ ಹಾಕಿದ್ದು. ಆ ಹೆಂಗಸರಲ್ಲಿ ಒಬ್ಬಳು ನಮ್ಮ ಮುತ್ತಜ್ಜಿ. ಫಲಕದಲ್ಲಿ ಅವಳ ಹೆಸರು ಹುಡುಕೋಕೆ ಹೋಗ್ಬೇಡಿ, ಸಿಗಲ್ಲ.

ನಾನು ಗ್ಲೆನಿಸ್. ಉಣ್ಣೆ ಕತ್ತರಿಸೋ ತಂಡಕ್ಕೆ ಅಡುಗೆ ಮಾಡ್ಕೊಂಡು ಊರೂರು ಸುತ್ತಿದವಳು. ಮುತ್ತಜ್ಜಿಯ ಜಾಗದಲ್ಲಿ ಅಮೋಸನ ಮೊಮ್ಮಗಳ ಕುರಿ ಬೇಯಿಸಿ ಅಮೋಸನ ಮೊಮ್ಮಗಳಿಂದಲೇ ಸಂಬಳ ತಗೊಂಡವಳು. ಇದನ್ನ ನೆನೆಸ್ಕೊಂಡು ಒಂದೊಂದು ದಿನ ನಗು ಬರ್ತಿತ್ತು, ಒಂದೊಂದು ದಿನ ಮೈಯೆಲ್ಲ ಉರೀತಿತ್ತು. ಆದ್ರೂ ಬೂಲ್ಕಾರದ ಕೊನೇ ಉಣ್ಣೆ ಕಟಾವಿನ ಕತೆ ಹೇಳೋಕೆ ನನ್ನ ಬಿಟ್ರೆ ಇನ್ಯಾರೂ ಇಲ್ಲ. ಗಂಡಸರು ಹೇಳಲ್ಲ. ಅವರಿಗೆ ಇವತ್ತಿಗೂ ನಾಚಿಕೆ.

ಅಮೋಸ್ ಕಟ್ಟಿಸಿದ ಶೆಡ್ಡಿನಲ್ಲಿ ನಲವತ್ತು ಜನ ಸಾಲಾಗಿ ಬಗ್ಗಿ ನಿಂತು ಉಣ್ಣೆ ಕತ್ತರಿಸ್ತಿದ್ರಂತೆ. ಮೂಟೆ ಹೊತ್ತ ಒಂಟೆಗಳ ಸಾಲು ನದೀವರೆಗೂ ಇರ್ತಿತ್ತಂತೆ. ಆಮೇಲೆ ಮೊಲ ಬಂದ್ವು, ಹುಲ್ಲು ಬೇರು ಸಮೇತ ತಿಂದ್ವು. ಬರ ಬಂತು. ಅಮೋಸನ ಮಗನ ಕಾಲದಲ್ಲಿ ಉಣ್ಣೆಗೆ ಚಿನ್ನದ ಬೆಲೆ ಬಂದು ಮನೆಗೆ ಪಿಯಾನೋ ಬಂತು. ಮತ್ತೆ ಬೆಲೆ ಬಿತ್ತು, ಪಿಯಾನೋ ಮಾತ್ರ ಉಳೀತು. ನಾನು ನೋಡೋ ಹೊತ್ತಿಗೆ ಆ ನಲವತ್ತು ಜಾಗದಲ್ಲಿ ಐದು ಮಷೀನು ಓಡ್ತಿದ್ವು, ಉಳಿದ ಕಡೆ ಪಾರಿವಾಳ ಗೂಡು ಕಟ್ಟಿತ್ತು.

ಮೊಮ್ಮಗಳ ಹೆಸರು ಹೆಸ್ಟರ್. ಮದುವೆ ಆಗ್ಲಿಲ್ಲ. ತಮ್ಮ ಆರ್ಚಿ ದೂರದ ಬೋರಿನ ಪಂಪು ನೋಡ್ಕೊಂಡು ಬರ್ತೀನಿ ಅಂತ ಹೋದೋನು, ಜೀಪು ಕೆಟ್ಟು, ಬಿಸಿಲಲ್ಲಿ ಮನೆ ಕಡೆ ನಡೆದು ಸತ್ತ. ಜೀಪಿನ ನೆರಳಲ್ಲೇ ಕೂತಿದ್ರೆ ಬದುಕ್ತಿದ್ದ. ಅವತ್ತಿಂದ ಅಷ್ಟು ದೊಡ್ಡ ಮನೇಲಿ ಹೆಸ್ಟರ್ ಒಬ್ರೇ. ಮೊದಲೆಲ್ಲ ಬೆಳಿಗ್ಗೆ ಹೊತ್ತು ಸುತ್ತಮುತ್ತಲ ಕುರಿ ಫಾರ್ಮುಗಳ ಹೆಂಗಸರು ವೈರ್‌ಲೆಸ್ಸಿನಲ್ಲಿ ಸೇರ್ಕೊಂಡು ಹರಟೆ ಹೊಡೀತಿದ್ರು. ಯಾರ ಮಗುಗೆ ಕೆಮ್ಮು, ಯಾರ ಕೇಕು ಸೀದುಹೋಯ್ತು, ಎಲ್ಲಾ ಎಲ್ಲರಿಗೂ ಕೇಳೋದು. ಫೋನು ಬಂತು, ಹರಟೆ ನಿಂತ್ಹೋಯ್ತು. ಫೋನ್ ಮಾಡೋಕೆ ಒಂದು ಕೆಲಸ ಅಂತ ಬೇಕಲ್ಲ. ಆಮೇಲೆ ಆ ಹೆಂಗಸರೂ ಒಬ್ಬೊಬ್ರಾಗಿ ಮಾರ್ಕೊಂಡು ಪೇಟೆ ಸೇರಿದ್ರು.

ಕೊನೆಗೆ ಹೆಸ್ಟರ್ ಕೂಡ ಮಾರಿದ್ರು. ಮಂಡಿ ನೋವಿಟ್ಕೊಂಡು ಎಷ್ಟು ದಿನ ಬೇಲಿ ನೋಡ್ತಾರೆ? ಕೊಂಡಿದ್ದು ಪಟ್ಟಣದ ಯಾವುದೋ ಕಂಪನಿ. ಅವರಿಗೆ ಕುರಿ ಬೇಡ. ಗಿಡ ತಾನಾಗಿ ಬೆಳೀಲಿ, ಗಿಡ ಗಾಳಿ ಶುದ್ಧ ಮಾಡುತ್ತೆ, ಅದಕ್ಕೆ ಅವರಿಗೆ ದುಡ್ಡು ಬರುತ್ತಂತೆ. ಭೂಮಿನ ಸುಮ್ನೆ ಬಿಟ್ಟಿದ್ದಕ್ಕೆ ಸಂಬಳ! ನಮ್ಮೋರು ಸಾವಿರಾರು ವರ್ಷ ಅದನ್ನೇ ಮಾಡಿದ್ರು, ಒಬ್ರಾದ್ರೂ ಒಂದು ಕಾಸು ಕೊಟ್ರಾ?

ಹೆಸ್ಟರ್ ಕೇಳಿದ್ದು ಒಂದೇ, ಸಾಯೋತನಕ ಮನೆ ನನಗಿರಲಿ ಅಂತ. ಕಂಪನಿಯೋರು ಒಪ್ಪಿದ್ರು. ಮನೆ ಉಳೀತು, ಆದ್ರೆ ಕುರಿ ಹೋಗುತ್ತೆ. ಕುರಿ ಹೋದ್ಮೇಲೆ ಕತ್ತರಿಸೋರು ಬರಲ್ಲ. ವರ್ಷಕ್ಕೊಂದ್ಸಲ ಆ ಕೆಂಪು ರಸ್ತೇಲಿ ಧೂಳೆಬ್ಬಿಸ್ಕೊಂಡು ಬರ್ತಿದ್ದೋರು ನಾವೊಬ್ರೇ.

ಯಜಮಾನರು ಕೆಲಸದೋರ ಊಟದ ಮನೆಗೆ ಬರೋ ಪದ್ಧತಿ ನಮ್ಮಲ್ಲಿಲ್ಲ. ಅವರದು ಅವರಿಗೆ, ನಮ್ಮದು ನಮಗೆ. ಆದ್ರೂ ಹೆಸ್ಟರ್ ಪ್ರತಿ ಸಂಜೆ ಬಂದು ಬಾಗಿಲಲ್ಲಿ ನಿಲ್ಲೋರು. "ಗ್ಲೆನಿಸ್, ಹಿಟ್ಟು ಸಾಕಾ?" ಅನ್ನೋರು. ಹಿಟ್ಟು ಇಡೀ ಪಟಾಲಮ್ಮಿಗೆ ಸಾಕಾಗೋಷ್ಟಿದೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. "ನೋಡ್ಬೇಕು ಮಿಸ್, ಕೂತ್ಕೊಳಿ" ಅಂತಿದ್ದೆ. ಕೂತ್ರೆ ಏಳೋರಲ್ಲ.

ಆ ಕೊನೇ ವರ್ಷ ಹಿಟ್ಟಿನ ನೆಪಾನೂ ಬಿಟ್ರು. ಸೀದಾ ಒಳಗೆ ಬಂದು ಚಾಕು ತಗೊಂಡು ನನ್ನ ಜೊತೆ ಆಲೂಗಡ್ಡೆ ಸುಲಿಯೋಕೆ ಕೂತ್ರು.

"ಇನ್ಮೇಲೆ ಯಾರು ಬರ್ತಾರೆ ಗ್ಲೆನಿಸ್?" ಅಂದ್ರು.

"ಟಪಾಲು ವಿಮಾನ ಬರುತ್ತಲ್ಲ ಮಿಸ್."

"ಅವನು ಚೀಲ ಎಸೆದು ಹೋಗ್ತಾನೆ. ಇಂಜಿನ್ನೂ ಆರಿಸಲ್ಲ."

ನಾನು ಆಲೂಗಡ್ಡೆ ಸುಲಿದೆ. ಸಿಪ್ಪೆ ದಪ್ಪ ತೆಗೀತಿದ್ದೀರಿ ಅಂತ ಅವರನ್ನೇ ಗದರಿಸಿದೆ.

ಇನ್ನೇನು ಅರ್ಧ ದಿನದ ಕೆಲಸ ಬಾಕಿ ಅನ್ನೋವಾಗ ಮಳೆ ಬಂತು. ವರ್ಷಗಟ್ಟಲೆ ಮುಖ ತೋರಿಸದ ಮಳೆ ಅವತ್ತೇ ಬರಬೇಕಾ! ಹೊರಗಿದ್ದ ಕುರಿಗಳೆಲ್ಲ ತೊಯ್ದು ತೊಪ್ಪೆ ಆದ್ವು.

ಒದ್ದೆ ಕುರೀನ ಯಾರೂ ಮುಟ್ಟಲ್ಲ. ಕತ್ತರಿಸಿದೋರಿಗೆ ಕೀಲು ನೋವು, ಜ್ವರ. ಉಣ್ಣೆ ಮೂಟೇಲಿ ಕೊಳೆಯುತ್ತೆ. ಆದ್ರೆ ಕುರಿ ಒದ್ದೆಯೋ ಒಣಗಿದೆಯೋ ಅಂತ ತೀರ್ಮಾನ ಮಾಡೋರು ಯಜಮಾನರಲ್ಲ, ಕತ್ತರಿಸೋರು. ತಲಾ ಎರಡು ಕುರಿ ಕತ್ತರಿಸಿ ನೋಡಿ ಓಟು ಹಾಕ್ಬೇಕು, ಅದೂ ಗುಟ್ಟಾಗಿ. ಬೇರೆ ಕಡೆ ಚೀಟಿ ಬರೀತಾರೆ. ಬೂಲ್ಕಾರದಲ್ಲಿ ಅಮೋಸನ ಕಾಲದೋರಿಗೆ ಓದು ಬರಹ ಬರ್ತಿರಲಿಲ್ಲವಲ್ಲ, ಅಡುಗೆಮನೆಯಿಂದಲೇ ಓಟು ಬರ್ತಿತ್ತು. ಪ್ರತಿಯೊಬ್ಬನ ಕೈಗೂ ಒಂದು ಒಣ ಬಟಾಣಿ, ಪುಡ್ಡಿಂಗಿಗೆ ನೆನೆಹಾಕಿದ ಒಂದು ಒಣದ್ರಾಕ್ಷಿ. ಕುರಿ ಒಣಗಿದೆ ಅನ್ನೋನು ಬಟಾಣಿ ಹಾಕ್ತಾನೆ, ಒದ್ದೆ ಅನ್ನೋನು ದ್ರಾಕ್ಷಿ. ಮೂಟೆ ಒತ್ತೋ ಯಂತ್ರದ ಹಿಂದೆ ಒಂದು ಟೀ ಡಬ್ಬಿ ಇಟ್ಟಿರುತ್ತೆ. ಬಟಾಣಿ ಬಿದ್ದ ಸದ್ದು ಕೇಳಬಾರದು ಅಂತ ಡಬ್ಬಿ ತಳಕ್ಕೆ ಒಂದು ಹಿಡಿ ಉಣ್ಣೆ. ಕೈಯಲ್ಲಿ ಉಳಿದಿದ್ದನ್ನ ಮುಷ್ಟೀಲಿ ಹಿಡ್ಕೊಂಡು ಆಚೆ ಹೋಗಿ ಬಿಸಾಕಬೇಕು. ಅಲ್ಲೇ ಬಾಯಿಗೆ ಹಾಕ್ಕೊಳೋ ಹಾಗಿಲ್ಲ, ಅಗಿಯೋ ಬಾಯಿ ನೋಡಿದ್ರೆ ಯಾರ ಓಟು ಯಾವುದು ಅಂತ ಗೊತ್ತಾಗುತ್ತಲ್ಲ. ಈ ಓಟು ಐದು ಜನ ಕತ್ತರಿಸೋರಿಗೆ ಮಾತ್ರ. ಉಣ್ಣೆ ಬಾಚೋರಿಗಿಲ್ಲ, ಯಜಮಾನರಿಗಿಲ್ಲ, ಬಟಾಣಿ ಕೊಡೋ ನನಗಂತೂ ಇಲ್ಲವೇ ಇಲ್ಲ.

ಮೊದಲ ದಿನ ಒದ್ದೆ ಅಂತ ಬಂತು. ನ್ಯಾಯವೇ. ಮಾರನೇ ದಿನವೂ ಒದ್ದೆ. ಸರಿ, ಇರಬಹುದು. ಮೂರನೇ ದಿನ ಬಿಸಿಲು ನೆತ್ತಿ ಸುಡ್ತಿತ್ತು, ಗಾಳಿ ಬೀಸಿ ನನ್ನ ಒಗೆದ ಬಟ್ಟೆ ಹಪ್ಪಳ ಆಗಿದ್ವು. ತಂಡದ ಹಿರಿಯ ವೆರ್ನ್ ಡಬ್ಬಿ ಬೋರಲು ಹಾಕಿದ. ಐದಕ್ಕೆ ಐದೂ ದ್ರಾಕ್ಷಿ.

"ಒದ್ದೆ" ಅಂದ ವೆರ್ನ್, ಇಗರ್ಜೀಲಿ ಪ್ರಾರ್ಥನೆ ಹೇಳೋರ ಮುಖ ಮಾಡ್ಕೊಂಡು.

ಒಬ್ರ ಮುಖ ಒಬ್ರು ನೋಡ್ಲಿಲ್ಲ. ಅವರವರಲ್ಲಿ ಮಾತೇ ಆಗಿರಲಿಲ್ಲ. ಪ್ರತಿಯೊಬ್ಬನೂ ತಾನೊಬ್ಬನೇ ಸುಳ್ಳು ಓಟು ಹಾಕ್ತಿದ್ದೀನಿ ಅಂದ್ಕೊಂಡು ಹಾಕಿದ್ದ. ಒದ್ದೆ ಅಂದಷ್ಟು ದಿನ ತಂಡ ಬೂಲ್ಕಾರದಲ್ಲೇ ಉಳೀತಿತ್ತು, ಆದ್ರೆ ನಮ್ಮಲ್ಲಿ ದಿನಗೂಲಿ ಇಲ್ಲ, ಕುರಿಗಿಷ್ಟು ಅಂತ. ಕತ್ತರಿಸದಿದ್ರೆ ಕೈ ಖಾಲಿ. ಊಟದ ಖರ್ಚೂ ಅವರದೇ. ಸ್ಕೀಟ್ ಅಂತ ಒಬ್ಬ ಬಾಯಿಬಡುಕ ಇದ್ದ. ಬರೋವಾಗ ಟೈರು ಪಂಕ್ಚರ್ ಆಗಿ ಅರ್ಧ ದಿನ ಹಾಳಾಗಿದ್ದಕ್ಕೆ ಇಡೀ ದಾರಿ ಗೊಣಗಿದ್ದ. ಅಂಥೋನೇ ದ್ರಾಕ್ಷಿ ಹಾಕಿ ತೆಪ್ಪಗೆ ಬಂದು ಕೂತಿದ್ದ.

ಅವತ್ತು ಸಂಜೆ ಹೆಸ್ಟರ್ ಇಸ್ಪೀಟು ತಂದ್ರು. ಪದ್ಧತಿ ಗಿದ್ಧತಿ ಗಾಳಿಗೆ ತೂರಿ ನಮ್ಮ ಉದ್ದದ ಮೇಜಿಗೇ ಬಂದು ಕೂತ್ರು. ಸ್ಕೀಟನ ಹತ್ರ ಆಟ ಗೆದ್ದು ಮೇಜು ಕುಟ್ಟಿದ್ರು.

"ಮೋಸ ಮಾಡ್ತೀರಾ ಮಿಸ್!" ಅಂದ ಅವನು.

"ನಿನ್ನ ಸೋಲಿಸೋಕೆ ಮೋಸ ಬೇರೆ ಮಾಡ್ಬೇಕೇನೋ, ಪೆದ್ದ!"

ಎಲ್ಲಾ ಹೋ ಅಂತ ನಕ್ರು. ಅಷ್ಟು ವರ್ಷದಲ್ಲಿ ಆ ಹೆಂಗಸು ಬಾಯ್ತುಂಬ ನಕ್ಕಿದ್ದು ನಾನು ನೋಡಿರಲಿಲ್ಲ. ಆರ್ಚಿ ವಿಷಯ ತಾವಾಗೇ ತೆಗೆದ್ರು. ಅವನಿಗೆ ಪಿಯಾನೋ ಮೇಲೆ ಒಂದೇ ಒಂದು ಹಾಡು ಬರ್ತಿತ್ತು, ಅದನ್ನೂ ತಪ್ಪು ಬಾರಿಸ್ತಿದ್ದ ಅಂದ್ರು. ನನಗೆ ಹಿತವಾಗಿತ್ತು. ಒಳಗೊಳಗೇ ಹೆದರಿಕೆಯೂ ಆಗ್ತಿತ್ತು, ಇದು ಎಷ್ಟು ದಿನ ನಡೆಯುತ್ತೆ ಅಂತ.

ಮಾರನೇ ದಿನ ಕುರಿ ಹಿಂಡನ್ನ ಶೆಡ್ಡಿಗೆ ಹೊಡ್ಕೊಂಡು ಬಂದ್ರೆ ಅವುಗಳ ಮೈಯಿಂದ ಕೆಂಪು ಧೂಳು ಏಳ್ತಿತ್ತು. ನಾನು ಟೀ ತಗೊಂಡು ಹೋದೋಳು ಸೀನಿದೆ. ಓಟು ಬಂದಿದ್ದು ಒದ್ದೆ! ನಾನು ವೆರ್ನನ್ನ ಅಡುಗೆಮನೆ ಹಿಂದಕ್ಕೆ ಕರೆದೆ.

"ಏನಯ್ಯಾ ಇದು? ಧೂಳು ಕುಡಿದು ನಾನು ಸಾಯ್ತಿದ್ದೀನಿ, ನಿಮಗೆ ಕುರಿ ಒದ್ದೇನಾ?"

"ಗುಟ್ಟಿನ ಓಟು ಗ್ಲೆನಕ್ಕ. ನಾನೇನು ಮಾಡಲಿ?"

"ಯಾರ ಹತ್ರ ಹೇಳ್ತೀಯಾ? ಮಿಸ್ ಕುರಿ ಮುಟ್ಟಿದವರಲ್ವಾ? ಹುಟ್ಟಿದಾಗಿಂದ ಉಣ್ಣೇಲೇ ಬೆಳೆದಿರೋರು."

"ಗೊತ್ತಿದ್ರೂ ಸುಮ್ಮನಿದ್ದಾರಲ್ಲ" ಅಂದ ವೆರ್ನ್. ಟೋಪಿ ತೆಗೆದು ತಲೆ ಕೆರ್ಕೊಂಡ. "ಅವರಾಗಿ ಸಾಕು ಅನ್ನೋವರೆಗೂ ನಡೀಲಿ ಬಿಡಕ್ಕ."

ಅವನು ಹೇಳಿದ್ದು ನಿಜ. ಹೆಸ್ಟರಿಗೆ ಗೊತ್ತಿತ್ತು. ಗೊತ್ತಿದ್ದೇ ಆ ಸಂಜೆಯೂ ಬಂದು ಕೂತ್ರು, ತಲೆ ಬಾಚ್ಕೊಂಡು, ಕೊರಳಿಗೆ ಒಂದು ಸರ ಹಾಕ್ಕೊಂಡು.

ಹಾಳಾಗಿದ್ದು ಫೋನಿನಿಂದ. ಬೂಲ್ಕಾರದಲ್ಲಿ ಮೊಬೈಲು ಸತ್ತ ಇಲಿಗೆ ಸಮ. ಮನೆಗೆ ಮಾತಾಡ್ಬೇಕು ಅಂದ್ರೆ ಯಜಮಾನ್ತಿಯ ಮನೆ ನಡುಮನೇಲಿರೋ ಗೋಡೆ ಫೋನೇ ಗತಿ. ಇಸ್ಪೀಟು ಆಟ ಮುಗಿದ ಮೇಲೆ, ಕತ್ತರಿಸೋ ಐವರಲ್ಲಿ ಒಬ್ಬನಾದ ತಮಾ ಫೋನ್ ಮಾಡೋಕೆ ಹೋದ. ತಮಾ ನ್ಯೂಜಿಲೆಂಡಿನ ಮೂಲನಿವಾಸಿ, ಮಾವೋರಿ ಜನಾಂಗದೋನು. ಬಾಗಿಲಷ್ಟು ದೊಡ್ಡ ಆಳು, ಮಾತು ಮಾತ್ರ ಬೆಣ್ಣೆ. ಮಗಳಿಗೆ ಸೊಂಟದ ಆಪರೇಶನ್ ಆಗೋದಿತ್ತು. ಅಪ್ಪ ಬಂದು ಕೈ ಹಿಡ್ಕೊಂಡ್ರೇನೇ ಅಂತ ಹಟ ಹಿಡಿದಿದ್ಲು. ಇವನು ಹೊರಡಬೇಕಾದ ದಿನ ಆಗಲೇ ದಾಟಿತ್ತು. ನಮ್ಮ ಯಾರ ಹತ್ರಾನೂ ಈ ವಿಷಯ ಬಾಯಿಬಿಟ್ಟಿರಲಿಲ್ಲ, ಪುಣ್ಯಾತ್ಮ.

ಬೆಳಿಗ್ಗೆ ನಾನು ಒಲೆ ಹಚ್ಚೋ ಹೊತ್ತಿಗೆ ಹೆಸ್ಟರ್ ಬಂದ್ರು. ಕೊರಳಲ್ಲಿ ಸರ ಇರಲಿಲ್ಲ. ಕಣ್ಣು ಕೆಂಪಾಗಿತ್ತು.

"ತಮಾ ಮಗಳ ಹತ್ರ ಮಾತಾಡ್ತಿದ್ದ" ಅಂದ್ರು. "ನಾನು ಪಕ್ಕದ ಕೋಣೇಲಿದ್ದೆ, ಕಿವಿ ಮುಚ್ಕೊಳೋಕಾಗುತ್ತಾ? ಕುರಿ ಇನ್ನೂ ಒದ್ದೆ ಪುಟ್ಟಿ, ಏನು ಮಾಡ್ಲಿ, ಅಂದ. ಆ ಮಗು ಅಳ್ತಿದ್ದಿದ್ದು ನನಗೆ ಕೇಳಿಸ್ತು ಗ್ಲೆನಿಸ್."

ನಾನು ಅವರ ಕೈ ಹಿಡ್ಕೊಂಡೆ. ಬಿಡಿಸ್ಕೊಂಡ್ರು.

"ಆರು ಬಟಾಣಿ, ಆರು ದ್ರಾಕ್ಷಿ ತಾ" ಅಂದ್ರು.

ಶೆಡ್ಡಿನೊಳಗೆ ಮಷೀನಿಗೆ ಎಣ್ಣೆ ಬಿಡ್ತಿದ್ದೋರೆಲ್ಲ ತಲೆ ಎತ್ತಿದ್ರು. ಹೆಸ್ಟರ್ ಸೀದಾ ಕೊಟ್ಟಿಗೆಗೆ ಹೋಗಿ ಒಂದು ಕುರಿ ಎಳ್ಕೊಂಡು ಬಂದ್ರು. ಮಂಡಿ ನೋವು ಎಲ್ಲಿ ಹೋಗಿತ್ತೋ! ಅದರ ಉಣ್ಣೆ ಬಿಡಿಸಿ ಬುಡದವರೆಗೂ ಬೆರಳು ತೂರಿಸಿದ್ರು.

"ಒಣಗಿ ಹಪ್ಪಳ ಆಗಿದೆ. ನೀವು ಐದು ಜನ ಸುಳ್ಳುಬುರುಕರು. ನನ್ನ ಮೇಲೆ ಕನಿಕರ ತೋರಿಸೋಕೆ ನಿಮಗೆ ಯಾರು ಹೇಳಿದ್ರು? ನಮ್ಮ ಅಜ್ಜ, ನಮ್ಮಪ್ಪ ಈ ಶೆಡ್ಡಿನಲ್ಲಿ ಯಾರ ಹತ್ರಾನೂ ಒಂದು ದಿನದ ದಾನ ಇಸ್ಕೊಂಡಿಲ್ಲ. ಇವತ್ತು ನ್ಯಾಯವಾಗಿ ಓಟು ಹಾಕಿ."

"ಆಯ್ತು ಮಿಸ್" ಅಂದ ವೆರ್ನ್ ಮೆಲ್ಲಗೆ.

"ನಾನೂ ಹಾಕ್ತೀನಿ. ನಮ್ಮ ಮನೆಯೋರು ಒಬ್ರೂ ಆ ಡಬ್ಬೀಲಿ ಕೈ ಇಟ್ಟಿಲ್ಲ. ಮುಂದಿನ ವರ್ಷ ಹಾಕೋಣ ಅಂದ್ರೆ ಮುಂದಿನ ವರ್ಷ ಇಲ್ಲ."

ನಿಯಮದಲ್ಲಿ ಅದಕ್ಕೆ ಜಾಗ ಇಲ್ಲ. ಆದ್ರೆ ಅವತ್ತು ಅವರಿಗೆ ಇಲ್ಲ ಅನ್ನೋ ಗಂಡಸು ಆ ಶೆಡ್ಡಿನಲ್ಲಿರಲಿಲ್ಲ. ನಾನು ಎಲ್ಲರ ಅಂಗೈಗೂ ಒಂದೊಂದು ಬಟಾಣಿ, ಒಂದೊಂದು ದ್ರಾಕ್ಷಿ ಇಟ್ಟೆ. ಹೆಸ್ಟರ್ ಮೊದಲು ಹೋಗಿ ಬಂದ್ರು. ಮುಷ್ಟಿ ಮುಚ್ಕೊಂಡು ಪಕ್ಕದಲ್ಲಿ ನಿಂತ್ರು. ಆಮೇಲೆ ವೆರ್ನ್ ಹೋಗಿ ಬಂದ. ಬಂದೋನು ಅವರ ಎದುರಿಗೇ ನಿಂತು, ಎಲ್ಲರಿಗೂ ಕಾಣೋ ಹಾಗೆ, ಉಳಿದ ದ್ರಾಕ್ಷೀನ ಬಾಯಿಗೆ ಹಾಕ್ಕೊಂಡ.

ಅವನ ಅರ್ಥ ನನಗಾಯ್ತು. ನೋಡಿ ಮಿಸ್, ಕನಿಕರ ಗಿನಿಕರ ಇಲ್ಲ, ನೀವು ಹೇಳಿದ ಹಾಗೇ ಬಟಾಣಿ ಹಾಕಿದ್ದೀನಿ, ನಿಮ್ಮ ಮಾತಿಗೆ ಮರ್ಯಾದೆ ಕೊಟ್ಟಿದ್ದೀನಿ ಅಂತ. ಆ ಶೆಡ್ಡಿನಲ್ಲಿ ಯಾರೂ ಮುರಿಯದ ನಿಯಮ ಅದು. ಅವರಿಗೋಸ್ಕರ ಮುರಿದ. ಸ್ಕೀಟ್ ಬಂದು ಅವನೂ ತಿಂದ. ಕೀನ್ ಮನೆತನದ ಅಣ್ಣತಮ್ಮ ಇದ್ರು, ಇಬ್ರೂ ತಿಂದ್ರು. ಕೊನೆಗೆ ತಮಾ ಹೋದ. ತುಂಬ ಹೊತ್ತು ಯಂತ್ರದ ಹಿಂದೇನೇ ಇದ್ದ. ಬಂದು, ತಲೆ ತಗ್ಗಿಸಿ, ಅವನೂ ಬಾಯಿಗೆ ಹಾಕ್ಕೊಂಡ. ಐದು ಜನ ಸಾಲಾಗಿ ನಿಂತು ದ್ರಾಕ್ಷಿ ಅಗಿದ್ರು.

ವೆರ್ನ್ ಡಬ್ಬಿ ತಂದು ಉಣ್ಣೆ ಹರಡೋ ಮೇಜಿನ ಮೇಲೆ ಬೋರಲು ಹಾಕಿದ. ಬಟಾಣಿ ಉರುಳಿದ್ವು, ಐದು. ಆರನೇದು ಉಣ್ಣೆಗೆ ಅಂಟ್ಕೊಂಡಿತ್ತು. ವೆರ್ನ್ ಉಣ್ಣೆ ಕೊಡವಿದ. ದ್ರಾಕ್ಷಿ.

ಸ್ಕೀಟನ ಬಾಯಿ ಆಡೋದು ನಿಂತ್ಹೋಯ್ತು. ಒಬ್ಬೊಬ್ಬನದೂ ನಿಂತಿತು. ಹೆಸ್ಟರ್ ಮುಷ್ಟಿ ಇನ್ನೂ ಮುಚ್ಚೇ ಇತ್ತು, ಆದ್ರೆ ಅದರೊಳಗೆ ಬಟಾಣಿ ಇದೆ ಅಂತ ಈಗ ಅಲ್ಲಿದ್ದೋರಿಗೆಲ್ಲ ಗೊತ್ತು. ಬಾಯಲ್ಲಿ ಹೋಗಿ ಅಂದವರು ಡಬ್ಬೀಲಿ ಇರಿ ಅಂದಿದ್ರು. ಐದು ಜನದ ಓಟಿನ ನಡುವೆ ಅದು ಯಾರಿಗೂ ಗೊತ್ತಾಗದೆ ಕಳೆದುಹೋಗುತ್ತೆ ಅಂತ ನಂಬಿದ್ರು. ಅವರ ಕತ್ತು, ಕಿವಿ, ಮುಖ ಎಲ್ಲಾ ಕೆಂಪಗಾಯ್ತು. ಅಯ್ಯೋ ದೇವರೇ, ಭೂಮಿ ಬಾಯಿಬಿಟ್ಟು ನಮ್ಮನ್ನೆಲ್ಲ ನುಂಗಬಾರದಾ ಅನ್ನಿಸ್ತು ನನಗೆ.

ತಮಾನೇ ಮೊದಲು ಬಾಯಿಬಿಟ್ಟ. "ಮಿಸ್, ನಾನು ಅವಸರದಲ್ಲಿ ತಪ್ಪು ಹಾಕ್ಬಿಟ್ಟೆ. ಇನ್ನೊಂದ್ಸಲ ಹಾಕೋಣ."

"ಹೌದು ಹೌದು, ನಂದೂ ತಪ್ಪಾಯ್ತು" ಅಂದ ಸ್ಕೀಟ್.

"ಬೇಡ" ಅಂದ್ರು ಹೆಸ್ಟರ್. "ಐದು ಒಣ, ಒಂದು ಒದ್ದೆ. ಒದ್ದೆ ಸೋತಿದೆ. ತಮಾ, ಆ ಮಗೂಗೆ ಇನ್ನೆಷ್ಟು ಸಲ ಸುಳ್ಳು ಹೇಳ್ತೀಯಾ? ಹೋಗು, ಮಷೀನು ಹಿಡಿ."

ಯಾರೂ ಅಲ್ಲಾಡಲಿಲ್ಲ. ಕೊನೆಗೆ ಅವರೇ ಹೋಗಿ ಸ್ವಿಚ್ಚು ಹಾಕಿದ್ರು. ಆ ಸದ್ದಿಗೆ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದು ಹಾರಿದ್ವು.

ಒಬ್ಬರಿಗಿಂತ ಒಬ್ಬರು ಜೋರು ಅಂತ ಪೈಪೋಟಿ ಮೇಲೆ ಕತ್ತರಿಸೋ ಜನ ಅವರು. ಅವತ್ತು ಮಗಳ ತಲೆ ಬಾಚೋ ಹಾಗೆ ಕತ್ತರಿಸಿದ್ರು. ತಮಾ ಒಂದು ಕುರೀನ ಇಟ್ಕೊಂಡಷ್ಟು ಹೊತ್ತಲ್ಲಿ ಬೇರೆ ದಿನ ಎರಡು ಮುಗಿಸ್ತಿದ್ದ. ಹೆಸ್ಟರ್ ಕಸಬರಿಕೆ ಹಿಡ್ಕೊಂಡು ಅವರ ಕಾಲ ಬುಡದಿಂದ ಉಣ್ಣೆ ಚೂರು ಗುಡಿಸ್ತಾ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಓಡಾಡಿದ್ರು. ಬೇಗ ಮುಗಿಸಿ ಅಂತ ಒಂದ್ಸಲಾನೂ ಅನ್ನಲಿಲ್ಲ. ನಾನು ಮಧ್ಯಾಹ್ನದ ಊಟ ಬೇಕು ಬೇಕಂತ ತಡ ಮಾಡ್ದೆ, ಟೀಗೆ ನೀರು ಕುದೀತಿಲ್ಲ ಅಂತ ಸುಳ್ಳು ಹೇಳ್ದೆ. ಎಷ್ಟು ಎಳೆದಾಡಿದ್ರೇನು, ಇದ್ದಿದ್ದು ಅಷ್ಟೇ ಕುರಿ. ಬಿಸಿಲು ಇಳಿಯೋಕೆ ಮುಂಚೆ ಕೊಟ್ಟಿಗೆ ಖಾಲಿ ಆಯ್ತು.